ನನಗಿಂತ ಮೊದಲು ಬಿಚ್ಚಿದವರಿಗೊಂದು ಬಹಿರಂಗ ಪತ್ರ

ಮಹಾಸ್ವಾಮಿ,

ತಮ್ಮ ಹೆಸರು, ವಿಳಾಸ ಯಾವುದೂ ನನಗೆ ಗೊತ್ತಿಲ್ಲ. ಆದರೂ ನಾಲ್ಕು ತಿಂಗಳಿಂದ ರಾತ್ರಿ ಊಟವಾದ ಮೇಲೆ ನಾನು ನೆನೆಯುತ್ತಿರುವುದು ತಮ್ಮನ್ನೇ. ನಮ್ಮ ಮನೆದೇವರಿಗೂ ಈ ಯೋಗ ಸಿಕ್ಕಿಲ್ಲ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ, ಒಡೆದ ಮಿಕ್ಸಿ ಜಾರುಗಳ ಪಕ್ಕ ಒಂದು ದುರ್ಬೀನು ಕಣ್ಣಿಗೆ ಬಿತ್ತು. ಕಾರ್ಲ್ ಜೈಸ್ ಯೆನಾ ಕಂಪನಿಯದು, ಯೆನಾಪ್ಟೆಮ್, 8×30. ಪೂರ್ವ ಜರ್ಮನಿ ಭೂಪಟದಿಂದ ಮಾಯವಾಗಿ ಮೂವತ್ತು ವರ್ಷ ದಾಟಿದರೂ ಅದರ ದುರ್ಬೀನುಗಳು ನಮ್ಮ ಗುಜರಿಯಲ್ಲಿ ಇನ್ನೂ ಉಸಿರಾಡುತ್ತಿವೆ. “ಒಂದ್ಸಲ ರಿಪೇರಿ ಆಗೈತೆ ಸಾರ್, ಕಂಡೀಷನ್ ಸೂಪರ್” ಅಂದ ವ್ಯಾಪಾರಿ. ಆ ಮಾತು ಕೇಳಿದ ಕೂಡಲೇ ಎದ್ದು ಬರಬೇಕಿತ್ತು. 1,800 ರೂಪಾಯಿ ಕೊಟ್ಟು ಬಂದೆ.

ಮನೆಯಲ್ಲಿ ಆಗಲೇ ಹತ್ತು ಇದ್ದವು. ನೋಡುವುದಕ್ಕಿರುವುದು ಮಾತ್ರ ಎದುರುಮನೆಯ ನೀರಿನ ಟ್ಯಾಂಕ್ ಒಂದೇ. “ಇಷ್ಟು ದುರ್ಬೀನು ಇಟ್ಕೊಂಡೂ ಕನ್ನಡಕ ಎಲ್ಲಿಟ್ಟೆ ಅಂತ ದಿನಾ ಹುಡುಕ್ತೀರಲ್ಲ” ಅಂದಳು ಹೆಂಡತಿ. ಇರಲಿ, ಅದು ಬೇರೆ ಪತ್ರಕ್ಕೆ ವಿಷಯ.

ಬಿಚ್ಚಲು ಕೂತಾಗ ತಮ್ಮ ಕೈಚಳಕದ ಮೊದಲ ದರ್ಶನವಾಯಿತು. ಸ್ಕ್ರೂಗಳ ತಲೆ ಒಂದೊಂದೂ ಕಿತ್ತುಹೋದ ಹಲ್ಲಿನ ವಸಡಿನಂತಿತ್ತು. ತರಕಾರಿ ಹೆಚ್ಚುವ ಚಾಕು ಬಳಸಿದಿರೆಂದು ನನ್ನ ಅಂದಾಜು. ಮುಂದಿನ ದೊಡ್ಡ ಲೆನ್ಸಿನ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ಬೂಷ್ಟಿರಬೇಕು ಅಂದುಕೊಂಡೆ, ಮಳೆಗಾಲ ಕಂಡ ದುರ್ಬೀನಿಗೆ ಅದು ನೆಗಡಿಯಷ್ಟೇ ಸಾಮಾನ್ಯ. ಸುಮ್ಮನೆ ಮೂಸಿ ನೋಡಿದೆ. ಲವಂಗದ ವಾಸನೆ. ಸ್ವಾಮಿ, ತಾವು ಲೆನ್ಸನ್ನು ಹಲ್ಲುಪುಡಿ ಹಾಕಿ ಉಜ್ಜಿದ್ದೀರಿ!

ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ತಳ್ಳುತ್ತದೆ. ದುರ್ಬೀನಿನ ಒಂದು ಕೊಳವೆಯಲ್ಲೇ ಅಂಥ ಹತ್ತಾರು ಮೈಗಳಿರುವುದರಿಂದ ನಷ್ಟ ಸಣ್ಣದಲ್ಲ. ಇದನ್ನು ತಡೆಯಲು ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಒಂದು ತೆಳು ಲೇಪನ ಕಂಡುಹಿಡಿದ. ಹಳೆಯ ಲೆನ್ಸಿನ ಮೇಲೆ ಓರೆಯಾಗಿ ಕಾಣುವ ನೇರಳೆ ಮಿಂಚು ಅದೇ. ಅವನು ಹಚ್ಚಿದ್ದನ್ನು ತಾವು ಬೆಳಗಿನ ಮುಖ ತೊಳೆಯುವ ಹೊತ್ತಿನಲ್ಲಿ ತೆಗೆದುಹಾಕಿದಿರಿ. ಲೆನ್ಸು ಮಾತ್ರ ಫಳಫಳ ಹೊಳೆಯುತ್ತಿದೆ, ಸುಳ್ಳು ಹೇಳಬಾರದು.

ಒಳಗೆ ನಾಲ್ಕು ಪ್ರಿಸಮ್‌ಗಳು. ತಲೆಕೆಳಗಾದ ಚಿತ್ರವನ್ನು ಎರಡು ಪ್ರಿಸಮ್‌ಗಳಿಂದ ನೆಟ್ಟಗೆ ಮಾಡುವ ಉಪಾಯ 1854ರಷ್ಟು ಹಿಂದೆಯೇ ಇಟಲಿಯ ಇಗ್ನಾಜಿಯೊ ಪೋರೊಗೆ ಹೊಳೆದಿತ್ತು. ಒಳ್ಳೆಯ ಗಾಜು ಸಿಕ್ಕಿ, ಯೆನಾದ ಅರ್ನ್ಸ್ಟ್ ಅಬ್ಬೆಯ ಕೈಯಲ್ಲಿ ಅದು ಮಾರುವಂಥ ದುರ್ಬೀನಾಗಿ ಹೊರಬರಲು 1894 ಆಯಿತು. ಅಂದರೆ ನಲವತ್ತು ವರ್ಷದ ತಪಸ್ಸು. ಅಂಥ ಪ್ರಿಸಮ್ಮಿನ ಮೂಲೆಯ ಅಡಿಯಲ್ಲಿ ನನಗೆ ಸಿಕ್ಕಿದ್ದು ನಾಲ್ಕು ಮಡಿಕೆ ಮಾಡಿದ ಸಿಟಿ ಬಸ್ಸಿನ ಅರ್ಧ ಟಿಕೆಟ್. ‘75 ಪೈಸೆ’ ಅನ್ನುವಷ್ಟು ಓದಲು ಬರುತ್ತಿತ್ತು.

ನಕ್ಕೆ. ಚಿಮುಟದಲ್ಲಿ ಅದನ್ನೆತ್ತಿ ಪಕ್ಕಕ್ಕಿಟ್ಟು, ಎಲ್ಲವನ್ನೂ ಒರೆಸಿ, ಹಸಿರುಗಟ್ಟಿದ ಗ್ರೀಸು ಕೆರೆದು ಹೊಸದು ಹಚ್ಚಿ, ಶಾಸ್ತ್ರೋಕ್ತವಾಗಿ ಜೋಡಿಸಿದೆ. ಎದುರುಮನೆಯ ಟ್ಯಾಂಕ್ ಎರಡಾಗಿ ಕಂಡಿತು, ಒಂದರ ತಲೆಯ ಮೇಲೊಂದು. ಚಿತ್ರಗಳು ಅಕ್ಕಪಕ್ಕ ಸರಿದಿದ್ದರೆ ಕಣ್ಣು ಹೇಗೋ ಹೊಂದಿಸಿಕೊಳ್ಳುತ್ತದೆ. ಮೇಲೆ ಕೆಳಗೆ ಆದರೆ ಅದಕ್ಕೆ ಸಾಧ್ಯವಿಲ್ಲ, ಐದು ನಿಮಿಷದಲ್ಲಿ ತಲೆನೋವು.

ಇದನ್ನು ಸರಿಪಡಿಸಲು ಮುಂದಿನ ಲೆನ್ಸಿನ ಸುತ್ತ ನಡು ತಪ್ಪಿಸಿ ಕೊರೆದ ಎರಡು ಉಂಗುರಗಳಿರುತ್ತವೆ. ಒಂದರೊಳಗೊಂದನ್ನು ತಿರುಗಿಸಿದರೆ ಲೆನ್ಸು ಕೂದಲೆಳೆಯಷ್ಟು ಸರಿಯುತ್ತದೆ. ಬಲಗಡೆಯ ಉಂಗುರ ಕದಲಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಟಿಂಗ್ ಪ್ಲೇಯರಿನ ಎರಡು ಹಲ್ಲುಗಳ ಗುರುತು. ಆಗ ತಮ್ಮ ಪೂರ್ತಿ ಕಥೆ ಅರ್ಥವಾಯಿತು. ಉಂಗುರ ತಿರುಗಿಸಬೇಕೆಂದು ತಮಗೆ ಗೊತ್ತಿತ್ತು. ತಿರುಗಿಸಲು ಹೋಗಿ ಜಜ್ಜಿದಿರಿ. ಜಜ್ಜಿದ ಮೇಲೆ, ಪ್ರಿಸಮ್ಮನ್ನು ಓರೆ ಮಾಡಿದರೂ ಚಿತ್ರ ಸರಿಯುತ್ತದೆಂದು ಜೇಬು ತಡಕಿದಿರಿ.

ಟಿಕೆಟ್ಟಿನ ಜಾಗದಲ್ಲಿ ನಾನು ಅಲ್ಯುಮಿನಿಯಂ ಹಾಳೆ ಇಟ್ಟೆ, ಪೋಸ್ಟ್ ಕಾರ್ಡ್ ಇಟ್ಟೆ, ಬೆಂಕಿಪೊಟ್ಟಣದ ರಟ್ಟು ಇಟ್ಟೆ. ಒಂದು ದಪ್ಪವಾದರೆ ಇನ್ನೊಂದು ತೆಳು. ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂತ ತಮ್ಮ ಟಿಕೆಟ್ಟನ್ನು ಅದೇ ಮಡಿಕೆಯಲ್ಲಿ ಅದೇ ಮೂಲೆಗೆ ತಳ್ಳಿದೆ. ರಾತ್ರಿ ತಾರಸಿಗೆ ಹೋಗಿ ಲುಬ್ಧಕ ನಕ್ಷತ್ರಕ್ಕೆ ಹಿಡಿದು, ಎರಡು ಚಿತ್ರಗಳೂ ಕೂಡುತ್ತವೆಯೇ ಎಂದು ನೋಡಲು ಒಂದು ಕಣ್ಣಿನ ಫೋಕಸ್ ಕೆಡಿಸಿದೆ. ಒಂದು ಕಣ್ಣಿಗೆ ಚುಕ್ಕಿ, ಇನ್ನೊಂದಕ್ಕೆ ಬೆಳಕಿನ ಬಟ್ಟಲು. ಚುಕ್ಕಿ ಬಟ್ಟಲಿನ ನಟ್ಟನಡುವೆ ಕೂತಿತ್ತು.

ಹಲ್ಲುಪುಡಿಯ ವಿಚಾರದಲ್ಲಿ ನನ್ನ ಸಿಟ್ಟು ಹಾಗೇ ಇದೆ. ಒಂದು ವಿನಂತಿ ಮಾತ್ರ: ಟಿಕೆಟ್ಟಿನ ಉಳಿದರ್ಧ ತಮ್ಮ ಯಾವುದಾದರೂ ಹಳೇ ಅಂಗಿಯ ಜೇಬಿನಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ. ಎಡಗಡೆಯ ಪ್ರಿಸಮ್ಮೂ ಈಚೆಗೆ ಅಲುಗಾಡುತ್ತಿದೆ.

ಇತಿ,
ತಮ್ಮ ನಂತರ ಬಿಚ್ಚಿದವನು