ಕೆರೆಯೇರಿ ಮೇಲೆ ಮಾಮ

ಅಕ್ಕನ ಮಗನಿಗೆ ಕಯಾಕಿಂಗ್ ಹುಚ್ಚು ಹಿಡಿದಿದೆ. ಸಾಲಿಗ್ರಾಮದ ಬಳಿ ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕಿಕೊಂಡು ನುಸುಳಬಹುದಂತೆ. ನನಗೆ ರಜೆಯಿಲ್ಲ. ಸಿಕ್ಕರೂ ಆ ಲೈಫ್ ಜಾಕೆಟ್ಟಿನ ಪಟ್ಟಿಗಳು ನನ್ನ ಹೊಟ್ಟೆ ಬಳಸಿ ಬಂದು ಪರಸ್ಪರ ಭೇಟಿಯಾಗುವುದು ಅನುಮಾನ. ಹಾಗಾಗಿ ವೈಟ್‌ಫೀಲ್ಡಿನಿಂದ ಅವನನ್ನು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಕರೆದೊಯ್ದೆ. ಕಯಾಕ್ ಇಲ್ಲದಿದ್ದರೇನು, ಸುತ್ತಲೂ ಕಾಲುದಾರಿಯಿದೆ.

ಇಲ್ಲಿ ಎರಡು ಜಾತಿಯ ಜೀವಿಗಳು ಕಾಣಸಿಗುತ್ತವೆ. ಒಂದು, ಕೈಗಡಿಯಾರದಲ್ಲಿ ಹೆಜ್ಜೆ ಎಣಿಸುತ್ತ ಬೀಸಿ ನಡೆಯುವವರು. ಲೆಕ್ಕ ಕೆಟ್ಟೀತೆಂದು ಹಕ್ಕಿಗಾಗಿಯೂ ನಿಲ್ಲರು. ಇನ್ನೊಂದು, ಯಾವ ಗಡಿಬಿಡಿಯೂ ಇಲ್ಲದ ಹಕ್ಕಿಗಳು. ನೀರುಕಾಗೆ ರೆಕ್ಕೆ ಹರವಿ ಬಿಸಿಲು ಕಾಯಿಸುತ್ತಿತ್ತು. ಜೊಂಡಿನಂಚಿನಲ್ಲಿ ನೇರಳೆ ಜಂಬುಕೋಳಿ, ನೆರಿಗೆ ಎತ್ತಿ ಹಿಡಿದು ಒದ್ದೆ ಅಂಗಳ ದಾಟುವ ನಮ್ಮ ಚಿಕ್ಕಮ್ಮನ ಹಾಗೆ ಹೆಜ್ಜೆಯಿಡುತ್ತಿತ್ತು.

ಏರಿ ಹತ್ತಿದರೆ ನನಗೆ ಉಪನ್ಯಾಸದ ಚಟ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ ನೋಡಿ. ಹಿಂದಿನವರು ಹಳ್ಳಗಳಿಗೆ ಅಡ್ಡ ಏರಿ ಹಾಕಿ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನದಕ್ಕೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಈ ಏರ್ಪಾಡಿಗೆ ನಮ್ಮ ಕಾಲದ ಕೊಡುಗೆ ಏನೆಂದರೆ ಕೊಳಚೆ ಮತ್ತು ಸೋಪಿನಪುಡಿ. ಕೋಡಿಯಲ್ಲಿ ಧುಮುಕಿ ಕಡೆದುಕೊಂಡ ನೀರು ನೊರೆಯಾಗಿ ರಸ್ತೆಗೇ ಬಂತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿದ್ದು, ಆರಿಸಲು ಸೈನಿಕರೂ ಬರಬೇಕಾಯಿತು. ಬೆಂಕಿ ಬಿದ್ದರೆ ಕೆರೆಗೆ ಓಡಬೇಕೆಂದು ಕೇಳಿದ್ದೆವು. ಕೆರೆಗೇ ಬಿದ್ದರೆ ಎಲ್ಲಿಗೆ ಓಡುವುದೆಂದು ಯಾವ ಅಜ್ಜಿಯೂ ಹೇಳಿಕೊಟ್ಟಿರಲಿಲ್ಲ.

ಇಷ್ಟು ಕೇಳಿದ ಮೇಲೂ ಹುಡುಗ, "ಆದ್ರೂ ಕಯಾಕ್ ಇಲ್ವಲ್ಲ ಮಾಮ" ಎಂದ.

"ತಾಳ್ಮೆ ಇರ್ಲಿ ಕಣೋ, ಈ ಕಡೆ ದೋಣಿ ಮನೆ ಬಾಗಿಲಿಗೇ ಬರುತ್ತೆ" ಎಂದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬಂದೇ ಇತ್ತು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಜನ ದೋಣಿಯಲ್ಲಿ ಹೊರಬಂದರು. ಲ್ಯಾಪ್‌ಟಾಪ್ ಚೀಲ ತಲೆಯ ಮೇಲಿಟ್ಟುಕೊಂಡವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೀರೇನೂ ದಾರಿ ತಪ್ಪಿರಲಿಲ್ಲ. ತನ್ನ ಹಳೇ ದಾರಿಯಲ್ಲೇ ಬಂತು. ನಡುವೆ ನಾವು ಮನೆ ಕಟ್ಟಿಕೊಂಡಿದ್ದೆವು.

ಹುಡುಗ ಒಂದು ಗಳಿಗೆ ಯೋಚಿಸಿ ಕೇಳಿದ: "ಹಾಗಾದ್ರೆ ನಮ್ಮ ಅಪಾರ್ಟ್‌ಮೆಂಟ್ ಯಾವ ಕಾಲುವೆ ಮೇಲಿದೆ ಮಾಮ?"

ಉಪನ್ಯಾಸಕರಿಗೆ ತಟ್ಟನೆ ಹಸಿವಾಯಿತು. ಮಸಾಲೆದೋಸೆಯ ಮಾತೆತ್ತಿದೆ.