ಸರ್ಕಿಟ್ ಕಾಕಾ

ಸರ್ಕಿಟ್ ಕಾಕಾ ಇಲ್ಲದ ಊರಿಲ್ಲ. ಹಾನಗಲ್ಲಿನಲ್ಲೂ ಇದ್ದಾರೆ, ಅಕ್ಕಿಆಲೂರಿನಲ್ಲೂ ಇದ್ದಾರೆ. ಮನೆಯ ಫ್ಯಾನು ತಿರುಗದಿದ್ದರೆ ‘ನಾಳೆ ನೋಡೋಣು’. ಹಳೇ ಲ್ಯಾಪ್‌ಟಾಪಿನ ಸತ್ತ ಬ್ಯಾಟರಿ ಕಂಡರೆ ಮಾತ್ರ ಊಟ ಬಿಟ್ಟು ಏಳುತ್ತಾರೆ. ಅದನ್ನು ಸೀಳಿದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲುಗಳು. ಮೂರನ್ನು ಸಾಲಾಗಿ ಜೋಡಿಸಿದರೆ ಭತ್ತಕ್ಕೆ ಎಣ್ಣೆ ಹೊಡೆಯುವ ಪಂಪು ನಡೆಯುತ್ತದೆಂದು ನಂಬಿ ರೈತನೊಬ್ಬ ಪಂಪು ತಂದಿಟ್ಟ.

“ಸಂಜಿಗೆ ಸಿಗತೈತೇನ್ರೀ ಕಾಕಾ?”

“ತಮ್ಮಾ, ಮೂರೂ ಕೂಡಿ 12.6 ವೋಲ್ಟ್ ಆತು ಅಂದ್ರ ಚಾರ್ಜರ್ ಕೈತೊಳಕೊಂಡು ಏಳತೈತಿ. ಒಳಗ ಒಂದು 4.3ಕ್ಕ ಏರಿ ಹೊಟ್ಟಿ ಉಬ್ಬಿ ಕುಂತಿರತೈತಿ, ಇನ್ನೊಂದು 4.1ರಾಗ ಅರೆಹೊಟ್ಟಿ. ಪಂಕ್ತ್ಯಾಗ ಬಡಿಸಿದ್ಹಂಗ ಒಂದೊಂದಕ್ಕ ಬ್ಯಾರೆ ಬಡಿಸಬೇಕು. 4.2 ಆದ ಮ್ಯಾಲೆ ಒಂದು ತುತ್ತೂ ಹಾಕಬಾರದು.”

ರೈತ ಕೇಳಿದ್ದು ಸಂಜೆಯನ್ನು.

ಕಾಕಾ ಮೂರು ಅಗ್ಗದ ಚಾರ್ಜಿಂಗ್ ಬೋರ್ಡು ತಂದು ಒಂದೇ ಐದು ವೋಲ್ಟಿನ ಅಡಾಪ್ಟರಿಗೆ ಕಟ್ಟಿದರು. ಬೋರ್ಡುಗಳ ಮೈನಸ್ಸೆಲ್ಲ ಅಡಾಪ್ಟರಿನಲ್ಲಿ ಒಂದಾಯಿತು. ಸಾಲಿನಲ್ಲೋ ಒಂದು ಸೆಲ್ಲಿನ ಪ್ಲಸ್ಸೇ ಮುಂದಿನದರ ಮೈನಸ್ಸು. ಶಾರ್ಟಾಗಿ ‘ಚಟ್’ ಎಂದು ಹೊಗೆ ಎದ್ದಿತು. ಹೊಗೆ ಎದ್ದರೆ ಕಾಕಾರಿಗೆ ಹುರುಪು. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಅಡಾಪ್ಟರು ಬೇಕೆಂದು ತೀರ್ಮಾನವಾಯಿತು. ಮಗನ ಮೊಬೈಲ್ ಚಾರ್ಜರು ಹೋಯಿತು, ಕಾಕುವಿನದು ಹೋಯಿತು, ಮೂರನೆಯದು ಪಕ್ಕದ ಮನೆಯಿಂದ ‘ಐದ ನಿಮಿಷಕ್ಕ’ ಬಂತು.

“ಅಪ್ಪಾ, ಬ್ಯಾಲೆನ್ಸ್ ಮಾಡೋ ಬೋರ್ಡು ಅಂಗಡ್ಯಾಗ ಸಿಗತೈತಲ್ಲ?” ಎಂದ ಮಗ.

“ಸಿಗತೈತಿ. ತುಂಬಿದ ಸೆಲ್ಲಿನ ಕರೆಂಟು ರೆಸಿಸ್ಟರಿನಾಗ ಸುಟ್ಟು ಬಿಸಿ ಮಾಡತೈತಿ. ದಂಡ!”

ಹೀಗೆನ್ನುವಾಗ ಬೆಳಿಗ್ಗೆ ಹಚ್ಚಿದ ಸೋಲ್ಡರಿಂಗ್ ಕಡ್ಡಿ ಇನ್ನೂ ಕಾಯುತ್ತಿತ್ತು, ಪಡಸಾಲೆಯ ಟಿವಿ ಗೋಡೆಗೆ ಸುದ್ದಿ ಹೇಳುತ್ತಿತ್ತು. ನನ್ನನ್ನು ಕೇಳಿದರೆ ಪಂಪಿಗೆ ಅಂಗಡಿಯ ಬೋರ್ಡೇ ಸಾಕು. ಕಾಕಾರೆದುರು ಹಾಗೆಂದವರು ಮಾತ್ರ ಊಟದ ಹೊತ್ತಿಗೆ ಮನೆ ಮುಟ್ಟುವುದಿಲ್ಲ.

ಕೊನೆಗೊಂದು ರಾತ್ರಿ ಮೂರೂ ಬೋರ್ಡಿನ ಕೆಂಪು ದೀಪ ಆರಿ ನೀಲಿ ದೀಪ ಹತ್ತಿತು. ಮೀಟರು ಹಿಡಿದರೆ 4.20, 4.19, 4.20. ಆ 4.19ರ ಮೇಲೆ ಕಾಕಾ ಸ್ವಲ್ಪ ಹೊತ್ತು ಸಿಟ್ಟಾಗಿದ್ದರು. ಆಮೇಲೆ ರೈತನಿಗೆ ಫೋನ್ ಮಾಡಹೋದರೆ ಮಗನ ಫೋನು ಸತ್ತಿತ್ತು, ಕಾಕುವಿನದೂ ಸತ್ತಿತ್ತು. ಬೆಳಿಗ್ಗೆ ಮಗನನ್ನೇ ಸೈಕಲ್ ಮೇಲೆ ಅಟ್ಟಿದರು.

ಅವನು ತಂದ ಉತ್ತರ: “ಕೈಪಂಪಿಲೇ ಹೊಡದು ಮುಗಿಸೇನ್ರೀ. ಸುಗ್ಗಿ ಮುಗದ ಮ್ಯಾಲೆ ಒಯ್ತೀನಿ, ಅಲ್ಲೀತನಕ ಅಲ್ಲೇ ಇರಲಿ.”

ಕಾಕಾ ಹಿಗ್ಗಿದರು. “ಚಲೋ ಆತು. ನಾಕನೇ ಸೆಲ್ ಹಾಕಿ ನೋಡೋಣು. ಪಕ್ಕದ ಮನ್ಯಾಗ ಇನ್ನೊಂದು ಚಾರ್ಜರ್ ಐತೇನು ಕೇಳು.”