ಒಂದು ಭಾನುವಾರ ಹಾಳುಮಾಡುವ ವಿಧಾನ

ಮೊದಲು, ಮಾಡಲೇಬೇಕಾದ ಕೆಲಸ ಏನಾದರೂ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಈ ಆಟ ರುಚಿಸುವುದಿಲ್ಲ. ಆಫೀಸಿನದ್ದೊಂದನ್ನು ಸೋಮವಾರ ಬೆಳಿಗ್ಗೆಯೇ ಕೊಡುತ್ತೇನೆಂದು ಒಪ್ಪಿಕೊಂಡು, ನಂತರ ಲ್ಯಾಪ್‌ಟಾಪ್ ತೆರೆಯಿರಿ.

ಕೋಡ್ ಬರೆಯಲು ನಿಯಮ ಒಂದೇ. ಕೀಬೋರ್ಡಿನ ಪ್ರತಿ ಅಕ್ಷರಕ್ಕೂ ಆಸ್ಕಿ ಪಟ್ಟಿಯಲ್ಲಿ ಒಂದು ನಂಬರ್ ಇದೆಯಲ್ಲ, ಅದು ಅವಿಭಾಜ್ಯ ಸಂಖ್ಯೆಯಾಗಿದ್ದರೆ ಮಾತ್ರ ಆ ಅಕ್ಷರವನ್ನು ಮುಟ್ಟಿ. ಇದೇನು ಹುಚ್ಚು ಎಂದವರಿಗೆ, ಕುಮಾರವ್ಯಾಸ 102 ಮಾತ್ರೆಯ ಭಾಮಿನಿಯಲ್ಲಿ ಭಾರತ ಹೇಳಿದಾಗ ಎಲ್ಲಿದ್ದಿರಿ ಎನ್ನಿ.

ಪಟ್ಟಿಯನ್ನು ಕಂಪ್ಯೂಟರಿನಿಂದ ಮಾಡಿಸಬೇಡಿ, ಕ್ಷಣದಲ್ಲಿ ಮುಗಿದುಹೋಗುತ್ತದೆ. ಕಾಗದ ಪೆನ್ನು ಹಿಡಿದು 32ರಿಂದ 126ರವರೆಗೆ ಕೈಯಲ್ಲೇ ಭಾಗಿಸಿ. 51 ಬಂದಾಗ ಮೋಸಹೋಗಿ. ಮುಖ ನೋಡಿದರೆ ಅವಿಭಾಜ್ಯವೇ. ಅರ್ಧ ಕೋಡ್ ಬರೆದ ಮೇಲೆ ಹದಿನೇಳು ಮೂರ್ಲೆ ಐವತ್ತೊಂದು ಎಂದು ನೆನಪಾಗಲಿ. ಅಳಿಸಿ, ಮತ್ತೆ ಶುರುಮಾಡಿ. ಕೊನೆಗೆ ಕೈಯಲ್ಲಿ ಉಳಿಯುವುದು 19 ಅಕ್ಷರ, ಚಿಹ್ನೆಗಳೂ ಸೇರಿ. ಅಂಕಿಗಳ ಪೈಕಿ 5 ಒಂದೇ ಗಟ್ಟಿ. ಅದರ ನಂಬರ್ 53. ಸಾಕು. ಸೊನ್ನೆಗೆ 5%5 ಬರೆಯಿರಿ, ಒಂದಕ್ಕೆ 5/5, ಹತ್ತಕ್ಕೆ 5+5. ಏಳೇ ಬೇಕೆಂದು ಹಟ ಹಿಡಿದರೆ 5+5/5+5/5.

ಉತ್ತರ ತೋರಿಸುವ ಆಸೆಯನ್ನು ಈಗಲೇ ಬಿಡಿ. ಪ್ರಿಂಟ್ ಎಂಬ ಇಂಗ್ಲಿಷ್ ಪದದ ಅಕ್ಷರಗಳು 112, 114, 105, 110, 116. ಐದಕ್ಕೆ ಐದೂ ಭಾಗವಾಗುತ್ತವೆ. ತೋರಿಸದ ಉತ್ತರದಲ್ಲಿ ತಪ್ಪು ಹುಡುಕುವವರು ಯಾರು? ಪರದೆಯ ಮೇಲೆ ಏನಾದರೂ ಮೂಡಲೇಬೇಕು ಅನ್ನಿಸಿದರೆ ಒಂದು ಬ್ರಾಕೆಟ್ ಹಾಕಿ. ತೆರೆಯುವ ಬ್ರಾಕೆಟ್ 40, ಮುಚ್ಚುವುದು 41. ತೆರೆಯುವಂತಿಲ್ಲ, ಮುಚ್ಚಲು ಮಾತ್ರ ಎಷ್ಟು ಬೇಕಾದರೂ ಅವಕಾಶವಿದೆ. ಬರೀ ಮುಚ್ಚಿದ ಕೂಡಲೇ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಓದಿ, ತೃಪ್ತಿಪಟ್ಟು, ಅಳಿಸಿ.

ವೇರಿಯಬಲ್ಲಿಗೆ ಹೆಸರಿಡಲು ಮನೆಮಂದಿಯನ್ನು ಕರೆಯಿರಿ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದರೆ ಅಮ್ಮ, ಅಕ್ಕ, ಮಗ ಮೂವರೂ ಪಾಸು. ಅಪ್ಪ ಮತ್ತು ಅಣ್ಣ ಫೇಲು. ಅಪ್ಪನ ಪಿ 112, ಅಣ್ಣನ ಎನ್ 110. ಈ ಫಲಿತಾಂಶವನ್ನು ಊಟಕ್ಕೆ ಕೂತಾಗ ಎಲ್ಲರೆದುರು ಪ್ರಕಟಿಸಿ. ಬಂದು, ಸ್ಪೇಸ್ ಬಿಡದೆ (ಅದು 32), ಎಂಟರ್ ಒತ್ತದೆ (ಅದು 10), ಪೈಥಾನ್ ಫೈಲಿನಲ್ಲಿ ಬರೆಯಿರಿ:

ಅಮ್ಮ=5;ಅಕ್ಕ=5+5;ಮಗ=ಅಕ್ಕ/ಅಮ್ಮ

ಓಡಿಸಿ. ಏನೂ ಕಾಣಬಾರದು. ಕಾಣದಿದ್ದರೆ ಸರಿಯಾಗಿದೆ ಎಂದು ತಿಳಿಯಿರಿ. ಮೆಮೊರಿಯ ಯಾವುದೋ ಮೂಲೆಯಲ್ಲಿ ಮಗ ಎರಡಾಗಿದ್ದಾನೆ, ಅಷ್ಟೇ.

ಇಷ್ಟು ಹೊತ್ತಿಗೆ ಕಾಫಿ ಕೆನೆಗಟ್ಟಿರುತ್ತದೆ. ಲೋಟ ಎತ್ತಿಕೊಂಡು ಹೋಗಲು ಬಂದ ಅಮ್ಮ ನಿಮ್ಮ ಬೆನ್ನ ಹಿಂದೆ ನಿಂತು, ಬೆಳಿಗ್ಗೆಯಿಂದ ಬರೆದದ್ದು ಇದೊಂದೇ ಸಾಲಾ, ಯಾಕೆ ಎಂದು ಕೇಳುತ್ತಾರೆ. ಸಿಟ್ಟಾಗಬೇಡಿ. ಆ ಪದವನ್ನೇ ಪರೀಕ್ಷಿಸಿ. ಸಣ್ಣ ವೈ 121, ಹನ್ನೊಂದು ಹನ್ನೊಂದ್ಲೆ, ನಡೆಯುವುದಿಲ್ಲ. ದೊಡ್ಡ ವೈ 89, ನಡೆಯುತ್ತದೆ. ಸೆಮಿಕೋಲನ್ ಹಾಕಿ ಅದನ್ನೂ ಸಾಲಿಗೆ ಸೇರಿಸಿ:

;ಯಾಕೆ=5%5